ಅರ್ಥಶಾಸ್ತ್ರದ ಎಂ.ಎ.ಗೆ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ: ತಯಾರಿ ಪಿಯುಸಿಯಿಂದಲೇ



ಕಳೆದ ತಿಂಗಳು ಹಳೆ ವಿದ್ಯಾರ್ಥಿಗಳ ಸಭೆಗೆಂದು ಕಾಲೇಜಿಗೆ ಬಂದಿದ್ದೆ. ಸಭೆ ಮುಗಿಸಿ ಇಳಿಯುತ್ತಿದ್ದಾಗ ದ್ವಿತೀಯ ಪಿಯುಸಿಯ ಒಬ್ಬ ತಂಗಿ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದಳು: "ಅಕ್ಕಾ, ಎಕನಾಮಿಕ್ಸ್‌ನಲ್ಲಿ ಎಂ.ಎ. ಮಾಡ್ಲಿಕ್ಕೆ ದೊಡ್ಡ ಕಡೆ ಎಂಟ್ರೆನ್ಸ್ ಬರೀಬೇಕಂತೆ, ಮತ್ತೆ ಇಂಟರ್‌ವ್ಯೂ ಬೇರೆ ಉಂಟಂತೆ. ನಮ್ಮಂಥವರಿಗೆ ಅದೆಲ್ಲ ಆಗ್ತದಾ?" ಜೊತೆಗೆ ಇನ್ನೊಂದು ಮಾತು ಸೇರಿಸಿದಳು: "ಡಿಗ್ರಿಯಲ್ಲಿ ನಾನು ಮ್ಯಾತ್ಸ್ ಬಿಡ್ತೇನೆ, ಎಕನಾಮಿಕ್ಸ್‌ಗೆ ಅದು ಯಾಕೆ ಬೇಕು?"

ಬಸ್ಸಿಗೆ ಹೊತ್ತಾಗಿತ್ತು. "ಖಂಡಿತ ಆಗ್ತದೆ" ಎಂದಷ್ಟೇ ಹೇಳಿ ಹೊರಟೆ. ಬಸ್ಸಿನಲ್ಲಿ ಕುಳಿತ ಮೇಲೆ ಅದು ಉತ್ತರವೇ ಅಲ್ಲ ಅನ್ನಿಸಿತು. ಹೇಗೆ ಆಗುತ್ತದೆ ಎಂದು ಹೇಳದೆ "ಆಗುತ್ತದೆ" ಎಂದರೆ ಏನು ಪ್ರಯೋಜನ? ವಾರ್ತಾಪತ್ರದವರು ಏನಾದರೂ ಬರೆದುಕೊಡಿ ಎಂದಾಗ, ಆ ದಿನ ಅರ್ಧಕ್ಕೆ ಬಿಟ್ಟದ್ದನ್ನೇ ಬರೆಯೋಣ ಎಂದುಕೊಂಡೆ.

"ನಮ್ಮಂಥವರು" ಎಂದು ಅವಳು ಯಾಕೆ ಹೇಳಿದಳೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಉಮ್ಮ ಬೀಡಿ ಕಟ್ಟುತ್ತಿದ್ದರು, ಬಾಪ ಗೂಡ್ಸ್ ಟೆಂಪೋ ಓಡಿಸುತ್ತಿದ್ದರು. ಇದೇ ಕಾಲೇಜಿನಲ್ಲಿ ಪಿ.ಸಿ.ಎಂ.ಸಿ. ಓದಿದೆ. ಇಂಜಿನಿಯರಿಂಗ್ ಫೀಸು ನಮ್ಮಿಂದ ಆಗುವುದಿಲ್ಲ ಎಂದಾದಾಗ ಅರ್ಥಶಾಸ್ತ್ರ, ಗಣಿತ, ಸ್ಟ್ಯಾಟಿಸ್ಟಿಕ್ಸ್ ಇರುವ ಬಿ.ಎ.ಗೆ ಸೇರಿದೆ. ಆಗ ಅದು ಸೋಲು ಎಂದೇ ನಂಬಿದ್ದೆ. ಮುಂದೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐನಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದ್ದು ಆ ಕಾಂಬಿನೇಷನ್‌ನಿಂದಲೇ. ಅದೂ ಮೊದಲ ಸಲಕ್ಕೆ ಅಲ್ಲ, ಎರಡನೇ ಸಲ.

ಎಲ್ಲಿ ಓದಬಹುದು?

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅರ್ಥಶಾಸ್ತ್ರದ ಎಂ.ಎ. ಇದೆ, ನಮಗೆ ಹತ್ತಿರದ ಮಂಗಳಗಂಗೋತ್ರಿಯಲ್ಲೂ ಇದೆ. ಇದಲ್ಲದೆ ದೇಶದ ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳು ಪೈಪೋಟಿ ಮಾಡುವ ಕೆಲವು ಸಂಸ್ಥೆಗಳಿವೆ. ಅವುಗಳ ಹೆಸರನ್ನು ಈಗಲೇ ಕೇಳಿಟ್ಟುಕೊಳ್ಳಿ. ನಾನು ಕೇಳಿದ್ದು ಡಿಗ್ರಿಯ ಕೊನೆಯ ವರ್ಷದಲ್ಲಿ.

ಮೊದಲನೆಯದು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್. 1949ರಲ್ಲಿ ಇದನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಮುಂದೆ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದರು. 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಅಮರ್ತ್ಯ ಸೇನ್, ಮನಮೋಹನ್ ಸಿಂಗ್ ಇಬ್ಬರೂ ದೆಹಲಿ ಸ್ಕೂಲ್‌ನಲ್ಲಿ ಪಾಠ ಮಾಡಿದ್ದಾರೆ. ಇಲ್ಲಿಗೂ ಜೆಎನ್‌ಯುವಿಗೂ ಈಗ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ ಪ್ರವೇಶ.

ಎರಡನೆಯದು ಐಎಸ್‌ಐ. 1931ರಲ್ಲಿ ಪಿ.ಸಿ. ಮಹಾಲನೋಬಿಸ್ ಕೋಲ್ಕತ್ತದಲ್ಲಿ ಆರಂಭಿಸಿದ ಈ ಸಂಸ್ಥೆ 1959ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಇಲ್ಲಿನ ಕೋರ್ಸಿನ ಹೆಸರು ಎಂ.ಎಸ್. ಇನ್ ಕ್ವಾಂಟಿಟೇಟಿವ್ ಎಕನಾಮಿಕ್ಸ್, ಪಾಠ ದೆಹಲಿ ಮತ್ತು ಕೋಲ್ಕತ್ತ ಕೇಂದ್ರಗಳಲ್ಲಿ. ಲಿಖಿತ ಪರೀಕ್ಷೆ, ನಂತರ ಸಂದರ್ಶನ. ನಾನು ಸೇರಿದಾಗ ಬೋಧನಾ ಶುಲ್ಕ ಇರಲಿಲ್ಲ, ಬದಲಿಗೆ ತಿಂಗಳಿಗೆ ಇಷ್ಟೆಂದು ಸ್ಟೈಪೆಂಡ್ ಕೊಡುತ್ತಿದ್ದರು. ಇದನ್ನು ಹೇಳಿದಾಗ ಬಾಪ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು: "ಓದಲಿಕ್ಕೆ ಅವರೇ ದುಡ್ಡು ಕೊಡುವುದಾ?"

ಇನ್ನು ರಿಸರ್ವ್ ಬ್ಯಾಂಕ್ 1987ರಲ್ಲಿ ಮುಂಬೈಯಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್, ಚೆನ್ನೈಯ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್ ಇವೆ. ಬೆಂಗಳೂರಿನಲ್ಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯವೂ ಇವೆ. ಅಜೀಂ ಪ್ರೇಮ್‌ಜಿಯಲ್ಲಿ ಪರೀಕ್ಷೆಯ ಜೊತೆ ಸಂದರ್ಶನವೂ ಇದೆ, ಮನೆಯ ಆದಾಯ ನೋಡಿ ವಿದ್ಯಾರ್ಥಿವೇತನವನ್ನೂ ಕೊಡುತ್ತಾರೆ.

ಓದಿ ಏನಾಗಬಹುದು ಎಂದು ಕೇಳುವವರಿಗೆ: ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆ ಬರೆಯಲು ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕು. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಅಧಿಕಾರಿ ಹುದ್ದೆಗೂ ಬೇಕು. ನೆಟ್ ಅಥವಾ ಕೆ-ಸೆಟ್ ಬರೆದು ಕಾಲೇಜಿನಲ್ಲಿ ಪಾಠ ಮಾಡಬಹುದು. ಬ್ಯಾಂಕು, ಸಮೀಕ್ಷಾ ಸಂಸ್ಥೆ, ಡೇಟಾ ಕಂಪನಿಗಳಲ್ಲೂ ಕೆಲಸ ಇದೆ.

ಗಣಿತದ ಬಾಗಿಲು

ನಮ್ಮ ಬ್ಯಾಚಿನಲ್ಲಿ ಆರ್ಟ್ಸ್ ವಿಭಾಗದ ಗೆಳತಿಯೊಬ್ಬಳಿದ್ದಳು. ಅರ್ಥಶಾಸ್ತ್ರದಲ್ಲಿ ನನಗಿಂತ ಎಷ್ಟೋ ಚುರುಕು. ಪೇಪರ್ ಓದಿ ಬಜೆಟ್ ಬಗ್ಗೆ ಲೆಕ್ಚರರ್ ಹತ್ತಿರ ವಾದ ಮಾಡುತ್ತಿದ್ದಳು. ಡಿಗ್ರಿ ಮುಗಿಯುವಾಗ ಇಬ್ಬರೂ ಐಎಸ್‌ಐ ಅರ್ಜಿ ತುಂಬಲು ಕುಳಿತೆವು. ಅರ್ಹತೆಯಲ್ಲಿ ಒಂದು ಸಾಲಿತ್ತು: ಹನ್ನೆರಡನೇ ತರಗತಿಯ ಮಟ್ಟದಲ್ಲಿ ಗಣಿತ ಓದಿರಬೇಕು. ಅವಳು ಓದಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಯಾರೋ "ಹುಡುಗಿಗೆ ಮ್ಯಾತ್ಸ್ ಕಷ್ಟ" ಎಂದು ಹೇಳಿದ ಮಾತು, ಇಪ್ಪತ್ತೊಂದನೇ ವಯಸ್ಸಿನಲ್ಲಿ ಆ ಬಾಗಿಲನ್ನು ಮುಚ್ಚಿತ್ತು. ಅವಳು ಬೇರೆ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದಳು, ಇಂದು ಚೆನ್ನಾಗಿದ್ದಾಳೆ. ಆದರೆ ಆ ಸಂಜೆ ಸೈಬರ್ ಸೆಂಟರ್‌ನಿಂದ ಬಸ್ ಸ್ಟ್ಯಾಂಡಿನವರೆಗೆ ಅವಳು ಒಂದು ಮಾತೂ ಆಡದೆ ನಡೆದದ್ದು ನನಗೆ ಮರೆತಿಲ್ಲ.

ಆದ್ದರಿಂದ ಮೊದಲ ಸಲಹೆ ಇದೇ. ಎಸ್ಸೆಸ್ಸೆಲ್ಸಿ ಮುಗಿಸುವ ತಮ್ಮ ತಂಗಿಯರು ಮನೆಯಲ್ಲಿದ್ದರೆ ಅವರಿಗೂ ಹೇಳಿ: ಸಾಧ್ಯವಾದರೆ ಗಣಿತ ಇರುವ ಕಾಂಬಿನೇಷನ್ ತೆಗೆದುಕೊಳ್ಳಲಿ. ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾತ್ಸ್ ಓದುತ್ತಿರುವವರು ತಾವು ಬಯಸುವ ಸಂಸ್ಥೆ ಅದನ್ನು ಒಪ್ಪುತ್ತದೆಯೇ ಎಂದು ಪ್ರಾಸ್ಪೆಕ್ಟಸ್‌ನಲ್ಲಿ ನೋಡಿಕೊಳ್ಳಿ, ಸ್ಪಷ್ಟವಾಗದಿದ್ದರೆ ಇಮೇಲ್ ಬರೆದು ಕೇಳಿ. ಡಿಗ್ರಿಗೆ ಸೇರುವಾಗ ಅರ್ಥಶಾಸ್ತ್ರದ ಜೊತೆ ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್ ಸಿಗುವ ಕಾಲೇಜನ್ನು ಹುಡುಕಿ. ಗಣಿತ ಈಗಾಗಲೇ ಬಿಟ್ಟವರು ಎದೆಗುಂದಬೇಕಿಲ್ಲ. ಆ ಷರತ್ತು ಎಲ್ಲ ಕಡೆ ಇಲ್ಲ. ಆದರೆ ಷರತ್ತು ಇಲ್ಲದ ಕಡೆಯೂ ಪ್ರಶ್ನೆಪತ್ರಿಕೆಯಲ್ಲಿ ಗಣಿತ ಬರುತ್ತದೆ, ಸ್ವಂತವಾಗಿಯಾದರೂ ಕಲಿಯಲೇಬೇಕು.

ಅರ್ಥಶಾಸ್ತ್ರಕ್ಕೆ ಗಣಿತ ಯಾಕೆ?

ಆ ತಂಗಿಯ ಪ್ರಶ್ನೆಗೆ ಒಂದು ಸಣ್ಣ ಲೆಕ್ಕದಿಂದ ಉತ್ತರ ಕೊಡುತ್ತೇನೆ. ಪ್ರವೇಶ ಪರೀಕ್ಷೆಯ ಪ್ರಶ್ನೆಗಳ ಜಾತಿ ಯಾವುದು ಎಂಬುದೂ ಇದರಿಂದ ಗೊತ್ತಾಗುತ್ತದೆ.

ಕಾಲೇಜಿನ ಗೇಟಿನ ಎದುರು ಒಬ್ಬರು ಬೊಂಡ ಮಾರುತ್ತಾರೆ ಎಂದುಕೊಳ್ಳಿ. ಬೆಲೆ ಏರಿದಂತೆ ಗಿರಾಕಿ ಕಡಿಮೆ. ಒಂದು ಬೊಂಡದ ಬೆಲೆ ಪ ರೂಪಾಯಿ ಆದರೆ ದಿನಕ್ಕೆ ಮಾರಾಟವಾಗುವ ಬೊಂಡ 100 − 2ಪ ಎಂದಿರಲಿ. ತೋಟ ಅವರದ್ದೇ, ಖರ್ಚಿಲ್ಲ. ಯಾವ ಬೆಲೆ ಇಟ್ಟರೆ ಹೆಚ್ಚು ದುಡ್ಡು ಬರುತ್ತದೆ?

ಒಟ್ಟು ವರಮಾನ ಎಂದರೆ ಬೆಲೆ ಗುಣಿಸು ಮಾರಾಟ, ಅಂದರೆ 100ಪ − 2ಪ². ಇದರ ಡಿರೈವೇಟಿವ್ 100 − 4ಪ. ಅದು ಸೊನ್ನೆಯಾಗುವುದು ಪ 25 ಆದಾಗ. 25 ರೂಪಾಯಿಗೆ 50 ಬೊಂಡ, ವರಮಾನ 1250 ರೂಪಾಯಿ. ಪರೀಕ್ಷಿಸಿ ನೋಡಿ: 24 ರೂಪಾಯಿಗೆ 52 ಬೊಂಡ, 1248 ರೂಪಾಯಿ. 26 ರೂಪಾಯಿಗೆ 48 ಬೊಂಡ, ಮತ್ತೆ 1248 ರೂಪಾಯಿ. ಎರಡೂ ಕಡೆ ಕಡಿಮೆಯೇ.

ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತಾರೆ. ಅವರು ಬೊಂಡವನ್ನು ತಲಾ 10 ರೂಪಾಯಿಗೆ ಕೊಂಡು ತರಬೇಕಾಗಿ ಬಂತು. ಬೆಲೆ ಎಷ್ಟು ಏರಿಸಬೇಕು? ನಮ್ಮ ಬಾಯಿಗೆ ತಕ್ಷಣ ಬರುವುದು "ಖರ್ಚು 10 ಏರಿತು, ಬೆಲೆಯನ್ನೂ 10 ಏರಿಸಿ 35 ಮಾಡಬೇಕು". ಲೆಕ್ಕ ಮಾಡಿ. ಲಾಭ ಎಂದರೆ (ಪ − 10) ಗುಣಿಸು (100 − 2ಪ). ಬಿಡಿಸಿದರೆ 120ಪ − 2ಪ² − 1000. ಡಿರೈವೇಟಿವ್ 120 − 4ಪ. ಉತ್ತರ 30. 30 ರೂಪಾಯಿಗೆ 40 ಬೊಂಡ, ಲಾಭ 800. 35 ರೂಪಾಯಿ ಇಟ್ಟಿದ್ದರೆ 30 ಬೊಂಡ, ಲಾಭ 750 ಮಾತ್ರ. ಬೆಲೆ ಏರಿಸದೆ 25ರಲ್ಲೇ ಬಿಟ್ಟಿದ್ದರೂ 750. ಅಂದರೆ ಈ ವ್ಯಾಪಾರಿ ಖರ್ಚಿನ ಅರ್ಧವನ್ನು ಗಿರಾಕಿಯ ಮೇಲೆ ಹಾಕಿ, ಉಳಿದರ್ಧ ತಾನೇ ನುಂಗಿಕೊಳ್ಳುವುದು ಜಾಣತನ.

ಸರಕಾರ ಒಂದು ವಸ್ತುವಿನ ಮೇಲೆ ತೆರಿಗೆ ಹಾಕಿದಾಗ ಅದನ್ನು ನಿಜವಾಗಿ ಕಟ್ಟುವವರು ಯಾರು, ಅಂಗಡಿಯವರೋ ಗ್ರಾಹಕರೋ ಎಂಬ ದೊಡ್ಡ ಚರ್ಚೆಯ ಬೇರು ಈ ಬೊಂಡದ ಲೆಕ್ಕದಲ್ಲಿದೆ. ಗಣಿತ ಇಲ್ಲದಿದ್ದರೆ ನಾವು 35 ಎಂದು ಹೇಳಿ ಸುಮ್ಮನಾಗುತ್ತಿದ್ದೆವು. ದ್ವಿತೀಯ ಪಿಯುಸಿಯ ಗಣಿತ ಓದಿದವರಿಗೆ ಇಷ್ಟು ಈಗಾಗಲೇ ಬರುತ್ತದೆ.

ಲಿಖಿತ ಪರೀಕ್ಷೆ

ಸಿಯುಇಟಿ-ಪಿಜಿಯಲ್ಲಿ 75 ಬಹು ಆಯ್ಕೆ ಪ್ರಶ್ನೆಗಳು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. "ಗೊತ್ತಿಲ್ಲದ್ದನ್ನು ಮುಟ್ಟಬೇಡಿ" ಎಂದು ಎಲ್ಲರೂ ಹೇಳುತ್ತಾರೆ. ಇದನ್ನೂ ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ, ನಾಲ್ಕರಲ್ಲಿ ಒಂದು ಸಲ 4 ಅಂಕ, ಮೂರು ಸಲ 1 ಅಂಕ ನಷ್ಟ. ನಾಲ್ಕು ಪ್ರಶ್ನೆಗೆ 4 − 3, ಅಂದರೆ ಸರಾಸರಿ ಒಂದು ಪ್ರಶ್ನೆಗೆ ಕಾಲು ಅಂಕ ಲಾಭವೇ. ಒಂದು ಆಯ್ಕೆ ಖಂಡಿತ ತಪ್ಪು ಎಂದು ತೆಗೆದುಹಾಕಲು ಸಾಧ್ಯವಾದರೆ ಮೂರು ಪ್ರಶ್ನೆಗೆ 4 − 2, ಅಂದರೆ ಪ್ರಶ್ನೆಗೆ ಮೂರನೇ ಎರಡು ಅಂಕ ಲಾಭ. ಹಾಗೆಂದು ಊಹೆಯ ಮೇಲೆ ಸೀಟು ಸಿಗುವುದಿಲ್ಲ. ಆದರೆ ಅರ್ಧ ಗೊತ್ತಿರುವ ಪ್ರಶ್ನೆಯನ್ನು ಹೆದರಿ ಬಿಟ್ಟುಬರುವುದು ನಷ್ಟ. ಅಂಕ ಕಡಿತದ ನಿಯಮ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ, ಪ್ರತಿಯೊಂದಕ್ಕೂ ಈ ಲೆಕ್ಕವನ್ನು ಹೊಸದಾಗಿ ಮಾಡಿ.

ಐಎಸ್‌ಐ ಪರೀಕ್ಷೆ ನಾನು ಬರೆದಾಗ ಒಂದೇ ದಿನ ಎರಡು ಪತ್ರಿಕೆಗಳು. ಬೆಳಿಗ್ಗೆ ಗಣಿತದ ಬಹು ಆಯ್ಕೆ ಪ್ರಶ್ನೆಗಳು, ಮಧ್ಯಾಹ್ನ ಬಿಡಿಸಿ ಬರೆಯುವ ಪತ್ರಿಕೆ. ಎರಡನೆಯದರಲ್ಲಿ ಉತ್ತರ ಒಂದೇ ಸಾಲಾದರೂ ಅಲ್ಲಿಗೆ ಹೇಗೆ ಬಂದಿರಿ ಎಂದು ಹೆಜ್ಜೆ ಹೆಜ್ಜೆಯಾಗಿ ತೋರಿಸಬೇಕು. ನಾನು ಪಾಸಾದ ವರ್ಷ ಪರೀಕ್ಷೆ ರಮಝಾನ್ ತಿಂಗಳಲ್ಲಿ ಬಂದಿತ್ತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ದೊಡ್ಡಮ್ಮನ ಮನೆಯಲ್ಲಿ ಸಹರಿ ಮುಗಿಸಿ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರವಾಗುತ್ತದೆಂದು ಮೊದಲೇ ಗೊತ್ತಿದ್ದರಿಂದ ಹಿಂದಿನ ಎರಡು ವಾರ ಬೇಕೆಂದೇ ಎರಡು ಗಂಟೆಗೆ ಕುಳಿತು ಹಳೆಯ ಪತ್ರಿಕೆ ಬಿಡಿಸಿದ್ದೆ. ಪರೀಕ್ಷೆಯ ಹೊತ್ತಿಗೆ ದೇಹವನ್ನೂ ಒಗ್ಗಿಸಬೇಕು.

ಓದಿದ ಪುಸ್ತಕಗಳು ಹೆಚ್ಚೇನಿಲ್ಲ. ಮೊದಲು ಪಿಯುಸಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕಗಳು: ಗಣ, ಫಲನ, ಶ್ರೇಢಿ, ಮ್ಯಾಟ್ರಿಕ್ಸ್, ಡಿರೈವೇಟಿವ್, ಇಂಟಿಗ್ರೇಷನ್, ಸಂಭವನೀಯತೆ. ಇವನ್ನು ಉದಾಹರಣೆಯನ್ನೂ ಬಿಡದೆ ಮತ್ತೆ ಮಾಡಿದೆ. ನಂತರ ಸೂಕ್ಷ್ಮ ಅರ್ಥಶಾಸ್ತ್ರಕ್ಕೆ ಹ್ಯಾಲ್ ವೇರಿಯನ್, ಸಮಗ್ರ ಅರ್ಥಶಾಸ್ತ್ರಕ್ಕೆ ಬ್ಲಾನ್‌ಶಾರ್ಡ್, ಗಣಿತಕ್ಕೆ ಸಿಡ್‌ಸೆಟರ್ ಮತ್ತು ಹ್ಯಾಮಂಡ್ ಬರೆದ ಪುಸ್ತಕ, ಸಂಭವನೀಯತೆಗೆ ಶೆಲ್ಡನ್ ರಾಸ್. ಎಲ್ಲವೂ ದಪ್ಪ ಪುಸ್ತಕಗಳು. ಗ್ರಂಥಾಲಯದಲ್ಲಿ ಸಿಕ್ಕವನ್ನು ಓದಿದೆ, ಒಂದನ್ನು ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡೆ. ಹಳೆಯ ಪ್ರಶ್ನೆಪತ್ರಿಕೆಗಳು ಐಎಸ್‌ಐ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕೋಚಿಂಗಿಗೆ ನಮ್ಮಲ್ಲಿ ದುಡ್ಡಿರಲಿಲ್ಲ, ಆ ಪತ್ರಿಕೆಗಳೇ ನನ್ನ ಕೋಚಿಂಗ್.

ಒಂದು ಕ್ರಮ ತುಂಬ ಸಹಾಯ ಮಾಡಿತು. ಬಿಡಿಸಲಾಗದ ಲೆಕ್ಕದ ಉತ್ತರವನ್ನು ತಕ್ಷಣ ನೋಡುತ್ತಿರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕವನ್ನು ಬರೆದು, ನಾನು ಎಲ್ಲಿ ಸಿಕ್ಕಿಬಿದ್ದೆ ಎಂದು ಕೆಳಗೆ ಒಂದು ಸಾಲು ಬರೆಯುತ್ತಿದ್ದೆ. ಮೂರು ದಿನ ಬಿಟ್ಟು ಮತ್ತೆ ನೋಡುತ್ತಿದ್ದೆ. ಅರ್ಧದಷ್ಟು ಲೆಕ್ಕಗಳು ಎರಡನೇ ಸಲ ತಾವಾಗಿಯೇ ಬಿಡಿಸಿಕೊಂಡವು.

ನಾನು ಸೋತ ಸಂದರ್ಶನ

ಮೊದಲ ವರ್ಷ ಒಂದು ಸಂಸ್ಥೆಯ ಲಿಖಿತ ಪರೀಕ್ಷೆ ಪಾಸಾಗಿ ಸಂದರ್ಶನಕ್ಕೆ ಹೋಗಿದ್ದೆ. ಸಂಸ್ಥೆಯ ಹೆಸರು ಬೇಡ, ತಪ್ಪು ಪೂರ್ತಿ ನನ್ನದೇ. ನನ್ನ ತಯಾರಿ ಏನೆಂದರೆ, ನೂರು ವ್ಯಾಖ್ಯೆಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದು.

ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದರೇನು ಎಂದು ಕೇಳಿದರು. ಒಂದೇ ಉಸಿರಿನಲ್ಲಿ ಹೇಳಿದೆ. ಉಪ್ಪಿನ ಬೆಲೆ ಎರಡು ಪಟ್ಟಾದರೆ ಜನ ಉಪ್ಪು ತಿನ್ನುವುದನ್ನು ಅರ್ಧ ಮಾಡುತ್ತಾರೆಯೇ ಎಂದರು. ಇಲ್ಲ, ಉಪ್ಪಿನ ಬೇಡಿಕೆ ಬೆಲೆಗೆ ಅಷ್ಟಾಗಿ ಬಾಗುವುದಿಲ್ಲ ಎಂದೆ. ಸರಿ ಎಂದು ತಲೆಯಾಡಿಸಿ ಮೂರನೇ ಪ್ರಶ್ನೆ ಕೇಳಿದರು: "ನಿಮ್ಮ ಬೀದಿಯಲ್ಲಿ ಹತ್ತು ಅಂಗಡಿಗಳಿವೆ. ಒಂದು ಅಂಗಡಿಯವನು ಮಾತ್ರ ಉಪ್ಪಿನ ಬೆಲೆ ಎರಡು ಪಟ್ಟು ಮಾಡಿದ. ಅವನ ಮಾರಾಟ ಏನಾಗುತ್ತದೆ?"

ನಾನು ಹೇಳಿದೆ: "ಹೆಚ್ಚು ಕಡಿಮೆಯಾಗುವುದಿಲ್ಲ ಸರ್. ಉಪ್ಪಿನ ಬೇಡಿಕೆ ಬಾಗುವುದಿಲ್ಲ."

ಈಗ ಓದುವಾಗ ನಿಮಗೆ ನಗು ಬರಬಹುದು. ನಮ್ಮ ಮನೆಯ ಎಂಟು ವರ್ಷದ ಮಗುವಿಗೂ ಗೊತ್ತು, ಒಂದು ಅಂಗಡಿಯಲ್ಲಿ ದುಬಾರಿಯಾದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಉಪ್ಪಿಗೆ ಬದಲಿ ಇಲ್ಲ, ಆದರೆ ಅಂಗಡಿಗೆ ಬದಲಿ ಇದೆ. ಆ ಕ್ಷಣದಲ್ಲಿ ಬೀದಿ, ಅಂಗಡಿ, ಮಗು ಯಾವುದೂ ನನ್ನ ಕಣ್ಣಿಗೆ ಬರಲಿಲ್ಲ. ಬಂದದ್ದು ನೋಟ್ಸಿನ ಸಾಲು ಮಾತ್ರ. ಅವರು ಸೌಮ್ಯವಾಗಿ "ಇನ್ನೊಮ್ಮೆ ಯೋಚಿಸಿ" ಎಂದರು. ನಾನು ಅದೇ ಸಾಲನ್ನು ಇನ್ನೊಮ್ಮೆ ಹೇಳಿದೆ. ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ.

ಆ ಒಂದು ವರ್ಷ ಮನೆಯಲ್ಲಿ ಟ್ಯೂಷನ್ ಹೇಳಿಕೊಟ್ಟೆ. ಸಂಜೆ ಉಮ್ಮನ ಜೊತೆ ಕುಳಿತು ಬೀಡಿಗೆ ಎಲೆ ಕತ್ತರಿಸಿಕೊಟ್ಟೆ. ಮದುವೆ ಮಾತು ಎರಡು ಸಲ ಬಂತು, ಉಮ್ಮ ಎರಡು ಸಲವೂ "ಇನ್ನೊಂದು ಪರೀಕ್ಷೆ ಉಂಟು" ಎಂದು ಹಿಂದೆ ಕಳುಹಿಸಿದರು.

ಎರಡನೇ ಸಂದರ್ಶನ

ಮರುವರ್ಷ ಬಾಪನ ಜೊತೆ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋದೆ. ಐಎಸ್‌ಐಯ ಆ ಕೋಣೆಯಲ್ಲಿ ಮೂವರು ಪ್ರಾಧ್ಯಾಪಕರು, ಒಂದು ಬೋರ್ಡು. ಮೊದಲು ಒಂದು ಫಲನದ ಚಿತ್ರ ಬಿಡಿಸಲು ಹೇಳಿದರು. ಬಿಡಿಸಿದೆ. ಆಮೇಲೆ ಮನೆಯಲ್ಲಿ ಯಾರು ಏನು ಮಾಡುತ್ತಾರೆ ಎಂದು ಕೇಳಿದರು. ತಾಯಿ ಬೀಡಿ ಕಟ್ಟುತ್ತಾರೆ ಎಂದೆ. ಕೂಲಿ ದಿನಕ್ಕೋ ಬೀಡಿಗೋ ಎಂದರು. ಸಾವಿರ ಬೀಡಿಗೆ ಇಷ್ಟು ಎಂದೆ. ಆಗ ಒಬ್ಬರು ಕೇಳಿದರು: "ಸಾವಿರಕ್ಕೆ ಕೊಡುವ ಕೂಲಿ ಏರಿದರೆ ನಿಮ್ಮ ತಾಯಿ ಹೆಚ್ಚು ಬೀಡಿ ಕಟ್ಟುತ್ತಾರೋ, ಕಡಿಮೆಯೋ?"

ಬೆಲೆ ಏರಿದರೆ ಪೂರೈಕೆ ಏರುತ್ತದೆ ಎಂಬ ಸಾಲು ನಾಲಿಗೆಯ ತುದಿಗೆ ಬಂತು. ಉಪ್ಪಿನಂಗಡಿ ನೆನಪಾಯಿತು. ನಿಲ್ಲಿಸಿದೆ. "ನನಗೆ ತಕ್ಷಣ ಗೊತ್ತಾಗುತ್ತಿಲ್ಲ. ಬೋರ್ಡಿನಲ್ಲಿ ಯೋಚಿಸಬಹುದೇ?" ಎಂದು ಕೇಳಿದೆ. ಅವರು ಸೀಮೆಸುಣ್ಣ ಕೊಟ್ಟರು.

ಸಾವಿರಕ್ಕೆ 200 ರೂಪಾಯಿ ಎಂದಿಟ್ಟುಕೊಂಡೆ. ದಿನಕ್ಕೆ 800 ಬೀಡಿಗೆ 160 ರೂಪಾಯಿ. ಕೂಲಿ 250 ಆಯಿತು ಎನ್ನೋಣ. ಈಗ ಒಂದು ಗಂಟೆ ಸುಮ್ಮನೆ ಕುಳಿತರೆ ಕಳೆದುಕೊಳ್ಳುವ ದುಡ್ಡು ಹಿಂದಿಗಿಂತ ಜಾಸ್ತಿ. ಆದ್ದರಿಂದ ಹೆಚ್ಚು ಕಟ್ಟಲು ಮನಸ್ಸಾಗಬಹುದು. ಪುಸ್ತಕದಲ್ಲಿ ಇದಕ್ಕೆ ಬದಲಿ ಪರಿಣಾಮ ಎನ್ನುತ್ತಾರೆ. ಆದರೆ ಇನ್ನೊಂದು ಕಡೆ, ಅದೇ 160 ರೂಪಾಯಿ ಈಗ 640 ಬೀಡಿಗೇ ಸಿಗುತ್ತದೆ. ಬೆನ್ನು ನೋಯುವವರು ಬೇಗ ಎದ್ದು ವಿಶ್ರಾಂತಿ ತೆಗೆದುಕೊಳ್ಳಬಹುದು. ಇದು ಆದಾಯ ಪರಿಣಾಮ. ಎರಡೂ ಎದುರು ಬದುರು ಎಳೆಯುತ್ತವೆ. ಯಾವುದು ಗೆಲ್ಲುತ್ತದೆ ಎಂದು ಸಿದ್ಧಾಂತ ಒಂದರಿಂದಲೇ ಹೇಳಲಾಗದು, ಮನೆಯ ಅಗತ್ಯ ನೋಡಬೇಕು ಎಂದೆ.

"ನಿಮ್ಮ ಮನೆಯಲ್ಲಿ?" ಎಂದರು.

ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. "ನಮ್ಮ ಮನೆಯಲ್ಲಿ ಎರಡೂ ಆಗದಿರಬಹುದು ಸರ್. ಎಷ್ಟು ಕಟ್ಟಬೇಕೆಂದು ಉಮ್ಮ ಮಾತ್ರ ತೀರ್ಮಾನಿಸುವುದಿಲ್ಲ. ಬ್ರಾಂಚಿನಲ್ಲಿ ಎಷ್ಟು ಎಲೆ ಕೊಡುತ್ತಾರೋ ಅಷ್ಟೇ ಕಟ್ಟಲು ಸಾಧ್ಯ. ಕೂಲಿ ಏರಿದರೆ ಅವರು ಎಲೆಯನ್ನೇ ಕಡಿಮೆ ಕೊಡಬಹುದು." ಮೂವರೂ ಒಮ್ಮೆ ಮುಂದಕ್ಕೆ ಬಾಗಿ ಕುಳಿತರು. ಮುಂದಿನ ಹತ್ತು ನಿಮಿಷ ಅದೇ ಮಾತು. ಬೀಡಿ ಕೊಳ್ಳುವ ಬ್ರಾಂಚು ಊರಿಗೆ ಒಂದೇ ಇದ್ದರೆ ಏನು, ಎರಡಿದ್ದರೆ ಏನು ಎಂದು ಕೇಳುತ್ತಾ ಹೋದರು. ಕೆಲವು ಕಡೆ ತಪ್ಪಿದೆ. ಅವರು ತಡೆದರು, ನಾನು ತಿದ್ದಿಕೊಂಡೆ. ನನ್ನ ಇಂಗ್ಲಿಷಿನಲ್ಲಿ ವ್ಯಾಕರಣ ದೋಷಗಳಿದ್ದವು, ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ಹೊರಗೆ ಬಂದು ಉಮ್ಮನಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ. "ಕೂಲಿ ಏರಿದರೆ ನಿನ್ನ ಓದು ಮುಗಿಯುವವರೆಗೆ ಜಾಸ್ತಿ ಕಟ್ಟುತ್ತೇನೆ, ಆಮೇಲೆ ಕಮ್ಮಿ" ಎಂದರು. ನಾನು ಬೋರ್ಡಿನ ಮೇಲೆ ಹದಿನೈದು ನಿಮಿಷ ಬಿಡಿಸಿದ್ದನ್ನು ಉಮ್ಮ ಒಂದು ವಾಕ್ಯದಲ್ಲಿ ಮುಗಿಸಿದರು.

ಎರಡು ಸಂದರ್ಶನಗಳ ನಡುವೆ ನಾನು ಹೊಸದಾಗಿ ಕಲಿತ ವ್ಯಾಖ್ಯೆಗಳು ಹೆಚ್ಚಿಲ್ಲ. ಮೊದಲ ಸಲ ಓದಿದ್ದನ್ನು ಒಪ್ಪಿಸಿದ್ದೆ, ಎರಡನೇ ಸಲ ಓದಿದ್ದನ್ನು ಇಟ್ಟುಕೊಂಡು ನನಗೆ ಗೊತ್ತಿದ್ದ ಬದುಕನ್ನು ನೋಡಿದೆ. ಅಲ್ಲಿ ಅವರು ನೋಡಿದ್ದೂ ಅದನ್ನೇ.

ಈಗಲೇ ಮಾಡಬಹುದಾದ ಅಭ್ಯಾಸ

ಇಬ್ಬರು ಮೂವರು ಸೇರಿ ವಾರಕ್ಕೊಂದು ಪ್ರಶ್ನೆ ಹಾಕಿಕೊಳ್ಳಿ. ಒಬ್ಬರು ಬೋರ್ಡಿನ ಮುಂದೆ, ಉಳಿದವರು ಪ್ರತಿ ಉತ್ತರಕ್ಕೂ "ಯಾಕೆ?" ಎಂದು ಕೇಳಲಿ. ಕೆಲವು ಪ್ರಶ್ನೆಗಳನ್ನು ಕೊಡುತ್ತೇನೆ, ಉತ್ತರ ನಿಮ್ಮದು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬಂಗುಡೆಯ ಬೆಲೆ ಏರುವುದು ಸಹಜ. ಒಣಮೀನಿನ ಬೆಲೆ ಏನಾಗಬೇಕು? ಕೋಳಿಯ ಬೆಲೆ? ನಿಷೇಧ ಬರುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಮೇ ತಿಂಗಳಲ್ಲೇ ಏನಾದರೂ ಬದಲಾಗುತ್ತದೆಯೇ?

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾಗಿ ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತವಾಯಿತು. ಟಿಕೆಟ್ ಸೊನ್ನೆಯಾದರೆ ಪ್ರಯಾಣದ ಖರ್ಚೂ ಸೊನ್ನೆಯೇ? ಖಾಸಗಿ ಬಸ್ಸು ಹೆಚ್ಚಿರುವ ನಮ್ಮ ಜಿಲ್ಲೆಗೂ ಸರಕಾರಿ ಬಸ್ಸು ಹೆಚ್ಚಿರುವ ಜಿಲ್ಲೆಗೂ ಪರಿಣಾಮ ಒಂದೇ ಆಗಿರುತ್ತದೆಯೇ?

ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ. 4, ಎರಡೂ ಕಡೆ ಶೇ. 2ರ ಅವಕಾಶ. ಗುರಿ ಸೊನ್ನೆ ಏಕಲ್ಲ?

ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಯೋಚಿಸುತ್ತೇನೆ" ಎಂದು ಗಟ್ಟಿಯಾಗಿ ಹೇಳಲು ಇಲ್ಲೇ ಕಲಿಯಿರಿ. ಯೋಚನೆ ಕನ್ನಡದಲ್ಲೋ ಬ್ಯಾರಿಯಲ್ಲೋ ನಡೆಯಲಿ, ಉತ್ತರವನ್ನು ಮಾತ್ರ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ.

ಕಾಗದ ಪತ್ರದ ವಿಷಯ

ಬುದ್ಧಿ ಇದ್ದೂ ಕಾಗದ ಇಲ್ಲದೆ ಪರದಾಡಿದವರನ್ನು ನೋಡಿದ್ದೇನೆ. ನಮ್ಮ ಹೆಸರುಗಳ ಸ್ಪೆಲ್ಲಿಂಗ್ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವುದು ಸಾಮಾನ್ಯ. ಡಿಗ್ರಿ ಮುಗಿಯುವ ಮೊದಲೇ ಸರಿಪಡಿಸಿಕೊಳ್ಳಿ.

ಕೇಂದ್ರ ಸಂಸ್ಥೆಗಳ ಒಬಿಸಿ ಮೀಸಲಾತಿಗೆ ನಮ್ಮ ರಾಜ್ಯದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಾಲದು. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಸಮುದಾಯ ಇದೆಯೇ ಎಂದು ನೋಡಿ, ಕೇಂದ್ರದ ನಮೂನೆಯಲ್ಲಿ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರವನ್ನು ತಾಲೂಕು ಕಚೇರಿಯಿಂದ ಪಡೆಯಬೇಕು. ಯಾವ ದಿನಾಂಕದ ನಂತರದ್ದು ಬೇಕು ಎಂದು ಆಯಾ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ. ಸಿಯುಇಟಿ-ಪಿಜಿ ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಐಎಸ್‌ಐ ಪರೀಕ್ಷೆ ಸಾಮಾನ್ಯವಾಗಿ ಮೇಯಲ್ಲಿ ನಡೆಯುತ್ತದೆ. ಅರ್ಜಿ ಅದಕ್ಕೂ ಕೆಲವು ತಿಂಗಳು ಮೊದಲು. ಅಂತಿಮ ವರ್ಷದ ನವೆಂಬರ್‌ನಿಂದಲೇ ಜಾಲತಾಣ ನೋಡುತ್ತಿರಿ. ನಿಯಮಗಳು ಬದಲಾಗುತ್ತವೆ, ನನ್ನ ಮಾತಿಗಿಂತ ಆ ವರ್ಷದ ಪ್ರಾಸ್ಪೆಕ್ಟಸ್ ದೊಡ್ಡದು.

ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದ ತಂಗಿಗೆ ಬಸ್ಸಿನ ಅವಸರದಲ್ಲಿ ಹೇಳದೆ ಉಳಿದದ್ದು ಇಷ್ಟು. ಡಿಗ್ರಿ ಅರ್ಜಿ ತುಂಬುವ ದಿನ ಹತ್ತಿರ ಬರುತ್ತಿದೆ. ಗಣಿತವನ್ನು ಬಿಡುವ ಮೊದಲು ಬೊಂಡದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡು. ಖರೀದಿ ಬೆಲೆ 10ರ ಬದಲು 20 ಆದರೆ ಮಾರುವ ಬೆಲೆ ಎಷ್ಟಿರಬೇಕು? ಉತ್ತರ ಬರೆದು ಅರ್ಥಶಾಸ್ತ್ರ ವಿಭಾಗದಲ್ಲಿ ಕೊಟ್ಟಿರು. ಮುಂದಿನ ಸಲ ಬಂದಾಗ ನೋಡುತ್ತೇನೆ, ಆ ದಿನ ಬಸ್ಸಿಗೆ ಅವಸರ ಮಾಡುವುದಿಲ್ಲ.